ಹಾಲು ಕುಡಿಸಿ ಒಂದು ಗಂಟೆಯಾದ ಮೇಲೆ

ಮಾರ್ಚ್ 3, ಮಧ್ಯಾಹ್ನ

ಇವತ್ತು ಹನ್ನೊಂದು ಕಿವಿ. ಐದು ಕೂಸುಗಳಿಗೆ ಎರಡೆರಡು, ಆರನೆಯದಕ್ಕೆ ಒಂದೇ. ಇನ್ನೊಂದು ಕಿವಿಗೆ ಹೋಗುವಷ್ಟರಲ್ಲಿ ಅದರ ಅಜ್ಜಿ ಸೀನಿದಳು. ಎಂಥ ಸೀನು! ಮಷಿನ್ನೇ ಬೆಚ್ಚಿಬಿತ್ತು. ಕೂಸು ಎದ್ದು ವಾರ್ಡು ತಲೆ ಮೇಲೆ ಹೊತ್ತಿತು. ನಾಳೆಗೆ ಉಳಿಯಿತು.

ಹಳ್ಳಿಯಲ್ಲಿ ಅಜ್ಜಿಯ ಮಗ್ಗುಲಲ್ಲಿ ಕಥೆ ಕೇಳುತ್ತ ಬೆಳೆದ ಬಾಯಿಬಡುಕಿ ನಾನು. ನನಗೆ ಸಿಕ್ಕಿದ್ದು ಮಾತ್ರ ಉಸಿರು ಬಿಗಿಹಿಡಿದು ಕೂರುವ ಕೆಲಸ. ಹುಟ್ಟಿದ ಕೂಸಿನ ಕಿವಿಯಲ್ಲಿ ಮೆತ್ತನೆಯ ಬಿರಡೆ ಇಡುವುದು. ಮಷಿನ್ನು ಕಿಚಿಕಿಚಿ ಎನ್ನುತ್ತದೆ. ಕಿವಿ ಚೆನ್ನಾಗಿದ್ದರೆ ಒಳಗಿನಿಂದ ಸಣ್ಣ ಮರುದನಿ ಬರುತ್ತದೆ — ಬಾವಿಯೊಳಗೆ ಬಗ್ಗಿ ‘ಓ’ ಎಂದರೆ ಬಾವಿಯೂ ‘ಓ’ ಎನ್ನುವ ಹಾಗೆ. ಬಂದರೆ ಪಾಸ್. ಬರದಿದ್ದರೆ ಪರದೆಯ ಮೇಲೆ ‘ರೆಫರ್’, ಅಂದರೆ ಮತ್ತೆ ನೋಡಬೇಕು. ವಾರ್ಡಿನಲ್ಲಿ ಎಲ್ಲರಿಗೂ ನಾನು ಕಿವಿಯಕ್ಕ.

ಎರಡು ಸಲ ರೆಫರ್ ಬಂದ ಕೂಸೊಂದು ಇವತ್ತು. ಅದರ ಕೆನ್ನೆಯ ಒಳಗೆ ಹತ್ತಿಕಡ್ಡಿ ಆಡಿಸಿ ಲ್ಯಾಬಿಗೆ ಕಳಿಸಬೇಕು. ತಾಯಿ ಹೆದರಿದ್ದಳು.

“ಏನು ಹುಡುಕ್ತೀರಿ ಅಕ್ಕ ಅದರಲ್ಲಿ?”

“ಸಿ.ಎಂ.ವಿ. ಅಂತ ಒಂದು ವೈರಸ್ಸು. ದೊಡ್ಡವರಿಗೆ ಬಂದ್ರೆ ಬಂದದ್ದೇ ತಿಳಿಯಲ್ಲ. ಬಸುರಿಗೆ ಬಂದ್ರೆ ಒಳಗಿನ ಕೂಸಿಗೆ ಇಳೀಬಹುದು. ಎಷ್ಟೋ ಕೂಸಿಗೆ ಏನೂ ಆಗಲ್ಲ. ಕೆಲವಕ್ಕೆ ಕಿವಿಗೆ ತೊಂದರೆ. ಬೇಗ ಗೊತ್ತಾದ್ರೆ ಔಷಧಿ ಇದೆ. ಹಾಲು ಯಾವಾಗ ಕುಡಿಸಿದ್ರಿ?”

“ಈಗ ತಾನೆ.”

“ಹಾಗಾದ್ರೆ ಒಂದು ಗಂಟೆ ಬಿಟ್ಟು ಬರ್ತೀನಿ.”

ಹಾಲಿನಲ್ಲೂ ಆ ವೈರಸ್ ಇರಬಹುದಲ್ಲ. ಹಾಲು ಕುಡಿದ ಬಾಯಿಗೆ ಕಡ್ಡಿ ಇಟ್ಟರೆ ತಾಯಿಯದು ಬಂದು ಕೂಸಿನದು ಎಂದು ಕಾಣುತ್ತದೆ. ತಾಯಿ ಹೇಳಿದ ಹೊತ್ತನ್ನೇ ಚೀಟಿಯಲ್ಲಿ ಬರೆಯುವುದು. ಬೇರೆ ಸಾಕ್ಷಿ ಏನಿದೆ? ನಂಬಿಕೆ ಅಷ್ಟೇ.

ಸೊಸೆಗೆ ದಿನ ತುಂಬಿದೆ. ಸಂಜೆ ಹೋಗುವಾಗ ಮೂಸಂಬಿ ಒಯ್ಯಬೇಕು.


ಮಾರ್ಚ್ 4

ಮನೆಯಲ್ಲಿ ಅದೇ ಹಳೆಯ ಜಗಳ, ಹೊಸ ಪಾತ್ರೆಯಲ್ಲಿ. ಸೊಸೆ ಡೇಕೇರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಮೊನ್ನೆಯವರೆಗೂ ಹೋದಳು. ಬಸುರಿಯಾದಾಗಿನಿಂದ ಮಗ ಕೆಲಸ ಬಿಡು ಬಿಡು ಎನ್ನುತ್ತಿದ್ದ, ಇವಳು ಬಿಡಲಿಲ್ಲ. ಅಲ್ಲಿ ಒಬ್ಬ ಎರಡು ವರ್ಷದವನಿದ್ದಾನೆ. ಮೂಗು ಎಂದೂ ಒಣಗಿದ್ದಿಲ್ಲ. ಇವಳು ಇಟ್ಟ ಹೆಸರು ಮೂಗಿನ ಸರದಾರ. ತಾನು ಅರ್ಧ ಚೀಪಿದ ಬಿಸ್ಕತ್ತನ್ನು ತಂದು ಇವಳ ಬಾಯಿಗೆ ತುರುಕುತ್ತಾನಂತೆ. “ಬೇಡ ಅಂದ್ರೆ ಅಳ್ತಾನೆ ಅತ್ತೆ, ತಿಂದುಬಿಡ್ತೀನಿ,” ಎಂದು ನಗುತ್ತಾಳೆ.

ಮಗ ಇವತ್ತೂ ಅಂದ: “ಒಂದಿನ ಆ ಸರದಾರನಿಂದ ಏನಾದ್ರೂ ಅಂಟಿಸ್ಕೊಂಡು ಬರ್ತೀಯ ನೋಡು.”

“ನಿಮ್ಮ ಫ್ರಿಜ್ಜಿಗಿಂತ ಅವನೇ ಕ್ಲೀನಾಗಿದಾನೆ.”

ಮಗ ಫ್ರಿಜ್ ರಿಪೇರಿ ಮಾಡುವವನು. ಯಾವ ಪಾರ್ಟು ಕೆಟ್ಟಿದೆ ಎಂದು ಕಂಡುಹಿಡಿಯುವವರೆಗೆ ಊಟ ಮಾಡುವುದಿಲ್ಲ. ಮನುಷ್ಯರ ವಿಷಯದಲ್ಲೂ ಹಾಗೆಯೇ. ಹಾಲು ಉಕ್ಕಿದರೆ ಒರೆಸುವ ಮೊದಲು ಒಲೆ ಹಚ್ಚಿದ್ದು ಯಾರು ಎಂದು ಕೇಳುತ್ತಾನೆ.


ಮಾರ್ಚ್ 6

ಹೆಣ್ಣು. ಬೆಳಿಗ್ಗೆ. ನಮ್ಮ ಆಸ್ಪತ್ರೆಯಲ್ಲೇ. ಎರಡು ಕೆ.ಜಿ. ಎಂಟುನೂರು. ಸುಖವಾಗಿ ಆಯಿತು.

ಸೊಸೆಗೆ ತಾಯಿ ಇಲ್ಲ. ನೋವು ಬಂದಾಗ ನನ್ನ ಕೈ ಹಿಡಿದುಕೊಂಡದ್ದು, ಬೆರಳು ಇನ್ನೂ ಊದಿದೆ. ಪೆನ್ನು ಹಿಡಿಯಲು ಕಷ್ಟ.

ತಲೆ ತುಂಬ ಕೂದಲು. ಮಗ ನೋಡಿ, “ವಿಗ್ ಹಾಕ್ಕೊಂಡು ಬಂದಿದಾಳಲ್ಲ,” ಅಂದ. ಅಂದವನೇ ಗೋಡೆ ಕಡೆ ತಿರುಗಿ ನಿಂತ. ಅಳುತ್ತಿದ್ದ.


ಮಾರ್ಚ್ 7

ನಮ್ಮ ಕೂಸಿನ ಕಿವಿ ನೋಡಿದೆ. ಬೇರೆಯವರ ಕೈಗೆ ಕೊಡಬೇಕಿತ್ತೇನೋ. ಆದರೆ ಇಷ್ಟು ವರ್ಷ ಊರ ಮಕ್ಕಳದೆಲ್ಲ ನೋಡಿ ಮೊಮ್ಮಗಳದು ಬಿಡುತ್ತೀನಾ?

ಬಲಕ್ಕೆ ಪಾಸ್. ಕಣ್ಣು ಮಿಟುಕಿಸುವಷ್ಟರಲ್ಲಿ.

ಎಡಕ್ಕೆ ರೆಫರ್.

ಒಂದು ದಿನದ ಕೂಸಿಗೆ ಹೀಗೆ ಬರುವುದು ಮಾಮೂಲು. ಕಿವಿಯೊಳಗೆ ನೀರಿರುತ್ತದೆ, ಒಣಗುತ್ತದೆ. ಎಷ್ಟು ತಾಯಂದಿರಿಗೆ ಈ ಮಾತು ಹೇಳಿಲ್ಲ ನಾನು. ಸೊಸೆಗೂ ಹೇಳಿದೆ. ದನಿ ಮಾತ್ರ ಒಂಚೂರು ಜಾಸ್ತಿ ಗಟ್ಟಿಯಾಗಿತ್ತು.


ಮಾರ್ಚ್ 8, ಸಂಜೆ

ಮತ್ತೆ ರೆಫರ್. ಎಡಕ್ಕೇ. ಬಿರಡೆ ಬದಲಿಸಿದೆ. ಇನ್ನೊಂದು ಮಷಿನ್ ತಂದೆ. ಬಾವಿಗೆ ಬಗ್ಗಿ ಕೂಗಿದ್ದೇ ಕೂಗಿದ್ದು.

ಮಕ್ಕಳ ಡಾಕ್ಟರು ಕಡ್ಡಿ ಪರೀಕ್ಷೆ ಬರೆದರು. ತೆಗೆಯುವುದು ನಾನೇ.

“ಹಾಲು ಯಾವಾಗ ಕುಡಿಸಿದೆ?” — ಎಲ್ಲರಿಗೂ ಕೇಳುವ ಹಾಗೆಯೇ ಕೇಳಿದೆ.

“ಆಗಲೇ ಅತ್ತೆ. ಮಲಗಿಬಿಟ್ಟಿದ್ಲು. ಎರಡು ಗಂಟೆ ಆಗಿರಬಹುದು.”

ಹಾಗೇ ಬರೆದೆ. ಕಡ್ಡಿ ಇಟ್ಟರೆ ಕೂಸು ಅದನ್ನೇ ಕಚ್ಚಿ ಹೀರತೊಡಗಿತು. ಹಸಿವು! ಬಾಯಿ ಒಣಗಿ ಅಂಟಂಟಾಗಿತ್ತು. ಕಡ್ಡಿಯಲ್ಲಿ ಬಂದದ್ದು ಬರೀ ಜೊಲ್ಲಿನ ಎಳೆ. ಹಾಲಿನ ಬಿಳಿ ಚುಕ್ಕೆಯೂ ಇಲ್ಲ. ಒಳ್ಳೆಯ ಮಾದರಿ ಎಂದುಕೊಂಡೆ. ಕೆಲಸ ನೆಟ್ಟಗಾಯಿತು ಎಂದು ಸಮಾಧಾನವೂ ಆಯಿತು.

ಇದನ್ನು ಯಾಕೆ ಇಷ್ಟು ವಿವರವಾಗಿ ಬರೆಯುತ್ತಿದ್ದೇನೋ.


ಮಾರ್ಚ್ 12

ಪಾಸಿಟಿವ್.

ಡಾಕ್ಟರು ತಮ್ಮ ಕೋಣೆಗೆ ಕರೆದು ಹೇಳಿದರು. ಸೊಸೆ ಕೂಸನ್ನು ಎತ್ತಿಕೊಂಡು ಕೂತಿದ್ದಳು. ನಾನು ಪಕ್ಕದಲ್ಲಿ. ಮಗ ಕೆಲಸದ ಮೇಲೆ ಹೋಗಿದ್ದ.

“ಗರ್ಭದಲ್ಲಿದ್ದಾಗ ಬಂದಿರೋ ಹಾಗೆ ಕಾಣುತ್ತೆ. ಮೂತ್ರ ಪರೀಕ್ಷೆ ಮಾಡಿ ಖಚಿತ ಮಾಡ್ಕೋಬೇಕು. ನೀವು ಬಸುರಿಯಾಗಿದ್ದಾಗ ಚಿಕ್ಕ ಮಕ್ಕಳ ಜೊತೆ ಇದ್ರಾ?”

ಡಾಕ್ಟರು ಕೇಳಿದ್ದು ತಪ್ಪಲ್ಲ. ಎಲ್ಲರಿಗೂ ಕೇಳುತ್ತಾರೆ. ಚಿಕ್ಕ ಮಕ್ಕಳ ಜೊಲ್ಲು, ಮೂತ್ರದಲ್ಲಿ ತಿಂಗಳುಗಟ್ಟಲೆ ಇರುತ್ತದೆ ಅದು. ಆದರೆ ಸೊಸೆಯ ಮುಖ ನೋಡಿದೆ. ಬಣ್ಣ ಇಳಿಯಿತು ನೋಡಿ — ಬಟ್ಟೆ ಹಿಂಡಿದ ಹಾಗೆ.

ಕೂಸನ್ನು ಎದೆಗೆ ಒತ್ತಿಕೊಂಡಳು. ಆಮೇಲೆ,

“ಡಾಕ್ಟ್ರೇ, ನಾನು ಅವತ್ತು ಸುಳ್ಳು ಹೇಳಿದ್ದೆ. ಅತ್ತೆ ಬರೋಕೆ ಸ್ವಲ್ಪ ಮೊದಲೇ ಕುಡಿಸಿದ್ದೆ. ಅಳ್ತಾ ಇದ್ಲು. ಅತ್ತೆ ಬೈತಾರೆ ಅಂತ ಎರಡು ಗಂಟೆ ಆಯ್ತು ಅಂದೆ.”

ಡಾಕ್ಟರು ನನ್ನ ಕಡೆ ನೋಡಿದರು. “ಬೈತೀರಾ ಅಕ್ಕ?”

ನಾನು ನಕ್ಕೆ. ಹಲ್ಲು ತೋರಿಸಿದೆ ಅಷ್ಟೇ.

“ಹಾಗಿದ್ರೆ ಹಾಲಿನಿಂದ ಬಂದಿರಬಹುದು. ಏನೇ ಆಗ್ಲಿ, ಮೂತ್ರ ಬೇಕು. ಮೂರು ವಾರದೊಳಗೆ ಬೇಕು. ಆಮೇಲೆ ಪಾಸಿಟಿವ್ ಬಂದ್ರೂ ಹೊಟ್ಟೇಲಿ ಬಂತೋ ಹುಟ್ಟಿದ ಮೇಲೆ ಬಂತೋ ಹೇಳೋಕಾಗಲ್ಲ. ಔಷಧಿ ಶುರು ಮಾಡೋಕೂ ಲೇಟಾಗುತ್ತೆ. ಇಲ್ಲೇ ಅಕ್ಕ ಇದಾರಲ್ಲ, ನಾಳೆಯೇ ತಂದುಕೊಡ್ತಾರೆ.”

ಮೂತ್ರ ಹಿಡಿಯಲು ಕೂಸಿಗೆ ಅಂಟಿಸುವ ಪ್ಲಾಸ್ಟಿಕ್ ಚೀಲ ಆರು ಕೊಟ್ಟರು.

ನಾನು ಬಾಯಿ ಬಿಡಲಿಲ್ಲ. ಒಣಗಿದ ಬಾಯಿ, ಕಡ್ಡಿ ಹೀರಿದ್ದು, ಯಾವುದನ್ನೂ ಹೇಳಲಿಲ್ಲ. ಹೆದರಿಕೆಯಿಂದ ಅಲ್ಲ. ಸೊಸೆ ಹೇಳಿದ್ದು ನಿಜವೇ ಇರಬಹುದಲ್ಲ ಎಂದು ಆಸೆ ಬಂತು. ಎಷ್ಟು ಬೇಗ ಬಂತು ಎಂದರೆ...


ಮಾರ್ಚ್ 14

ಕೂಸು ಮನೆಗೆ ಬಂದು ಎರಡು ದಿನ. ಮಗನಿಗೆ ಸೊಸೆಯೇ ಹೇಳಿದಳು: ಹಾಲು ಕುಡಿಸಿದ ಮೇಲೆ ತೆಗೆದದ್ದಕ್ಕೆ ತಪ್ಪು ಬಂದಿದೆ.

“ನೋಡು, ಅಮ್ಮನ ಹತ್ರ ಸುಳ್ಳು ಹೇಳಿದ್ದಕ್ಕೆ ಎಷ್ಟು ರಗಳೆ!” ಎಂದು ಅವನಿಗೆ ನಗು. “ಅಮ್ಮಾ, ನಿನ್ನನ್ನ ಕಂಡ್ರೆ ಇವಳಿಗೆ ಇಷ್ಟೊಂದು ಭಯ ಅಂತ ಗೊತ್ತೇ ಇರಲಿಲ್ಲ. ನನಗೂ ಸ್ವಲ್ಪ ಹೇಳಿಕೊಡು ಹೇಗೆ ಅಂತ.”

ಮೂವರೂ ನಕ್ಕೆವು. ಕೂಸು ಮಲಗಿತ್ತು. ಮನೆ ಮನೆಯ ಹಾಗಿತ್ತು.

ಚೀಲ ಅಂಟಿಸಿದ್ದಳಂತೆ, ಸೋರಿಹೋಯಿತಂತೆ.


ಮಾರ್ಚ್ 17

ಚೀಲ ಮತ್ತೆ ಬಿಚ್ಚಿಕೊಂಡಿತಂತೆ. ನಾನು ಅಂಟಿಸುತ್ತೇನೆ ಅಂದೆ. “ನೀವು ದಣಿದು ಬಂದಿದೀರ, ನಾಳೆ ನಾನೇ ಮಾಡ್ತೀನಿ ಅತ್ತೆ,” ಅಂದಳು. ಸರಿ ಅಂದೆ. ಯಾಕೆ ಸರಿ ಅಂದೆ?

ಕೂಸಿಗೆ ಕಥೆ ಹೇಳಿದೆ. ಆನೆಗೆ ಅಂಗಿ ಹೊಲಿಯಲು ಹೋದ ದರ್ಜಿಯದು. ಬಲಗಡೆ ಕೂತು ಹೇಳಿದೆ. ಎಡಕ್ಕೆ ಜಾಗ ಇತ್ತು, ಅಲ್ಲಿ ಕೂರಲಿಲ್ಲ.


ಮಾರ್ಚ್ 22

ಐದು ದಿನದಿಂದ ಬರೆದಿಲ್ಲ. ಬರೆಯಲು ಕೂತರೆ ಬರೆಯಬೇಕಾಗುತ್ತದೆ, ಅದಕ್ಕೆ.

ಇವತ್ತು ಕಾರಿಡಾರಿನಲ್ಲಿ ಡಾಕ್ಟರು ಅಡ್ಡ ಹಾಕಿದರು.

“ಅಕ್ಕ, ಎಲ್ಲಿ ನನ್ನ ಮೂತ್ರ?”

ಹಿಂದೆ ಬರುತ್ತಿದ್ದ ಸಿಸ್ಟರ್ ಕಿಸಕ್ಕನೆ ನಕ್ಕಳು. ಡಾಕ್ಟರಿಗೂ ನಗು ಬಂತು, ನುಂಗಿಕೊಂಡರು. “ತಮಾಷೆ ಅಲ್ಲ ಅಕ್ಕ. ಈ ವಾರ ಮುಗಿದ್ರೆ ಮುಗೀತು. ಬೇರೆ ಯಾರದಾದ್ರೂ ಮಗು ಆಗಿದ್ರೆ ನೀವು ಇಷ್ಟು ದಿನ ಬಿಡ್ತಿದ್ರಾ?”

“ಚೀಲ ನಿಲ್ತಾ ಇಲ್ಲ ಡಾಕ್ಟ್ರೇ.”

“ನಿಮ್ಮ ಕೈಲಿ ನಿಲ್ತಾ ಇಲ್ವಾ?”

ಫೈಲು ಎತ್ತಿಕೊಂಡು ವಾರ್ಡಿಗೆ ನಡೆದೆ. ಮಧ್ಯಾಹ್ನ ಒಂದು ಕೂಸಿನ ಬಾಯಿಗೆ ಕಡ್ಡಿ ಇಡಲು ಹೋದೆ. ಅದರ ತಾಯಿ ಹಾಲು ಕುಡಿಸಿ ಒಂದು ಗಂಟೆಗೆ ಐದು ನಿಮಿಷ ಕಡಿಮೆ ಇದೆ ಎಂದು ಗಡಿಯಾರ ತೋರಿಸಿದಳು. “ಐದು ನಿಮಿಷ ಕಾಯೋಣ ಅಲ್ವಾ ಅಕ್ಕ, ನೀವೇ ಹೇಳಿದ್ದು.” ಅವಳ ಮುಖ ನೋಡಲಾಗಲಿಲ್ಲ. ಕಿಟಕಿ ನೋಡುತ್ತ ಕಾದೆ.

ಮನೆಗೆ ಬಂದು ಕಸದ ಬುಟ್ಟಿ ಹೊರಗಿಡಲು ಎತ್ತಿದೆ. ಮೇಲೆ ಮೂಸಂಬಿ ಸಿಪ್ಪೆ. ಅದರಡಿ ಚೀಲ. ಒಂದಲ್ಲ, ಮೂರು. ಹಿಂದಿನ ಅಂಟಿನ ಕಾಗದ ಕೀಳದೇ ಇತ್ತು, ಮೂರಕ್ಕೂ. ಅಂಟಿಸಿಯೇ ಇಲ್ಲ. ಅಂಟಿಸದ ಚೀಲ ಸೋರುವುದಾದರೂ ಹೇಗೆ?

ಬುಟ್ಟಿಯನ್ನು ಹಾಗೇ ಇಟ್ಟೆ. ಸೊಸೆ ಒಳಗೆ ಕೂಸಿಗೆ ಜೋಗುಳ ಹಾಡುತ್ತಿದ್ದಳು. ಚೆನ್ನಾಗಿ ಹಾಡುತ್ತಾಳೆ.


ಮಾರ್ಚ್ 23

ರಜೆ ಹಾಕಿದೆ. ಮಗ ಹೊರಟ ಮೇಲೆ ಬಾಗಿಲು ಹಾಕಿ ಬಂದು ಅವಳ ಮಂಚದ ಮೇಲೆ ಕೂತೆ. ಹೇಗೆ ಶುರು ಮಾಡಲಿ ತಿಳಿಯದೆ ಗೊತ್ತಿರುವ ದಾರಿಯಲ್ಲೇ ಹೋದೆ.

“ನಮ್ಮಜ್ಜಿ ಒಂದು ಕಥೆ ಹೇಳ್ತಿದ್ಲು. ಒಂದು ಮನೇಲಿ ದೀಪ ಆರಿಹೋಯ್ತಂತೆ. ಆರಿಸಿದ್ದು ಯಾರು ಅಂತ...”

“ಅತ್ತೆ, ಈಗ ಕಥೆ ಬೇಡ.”

ಬಾಯಿ ಮುಚ್ಚಿದೆ. ಇಷ್ಟು ವಯಸ್ಸಿನಲ್ಲಿ ನನ್ನ ಕಥೆಯನ್ನು ನಡುವೆ ನಿಲ್ಲಿಸಿದವಳು ಇವಳೊಬ್ಬಳೇ. ನಿಲ್ಲಿಸಿದ್ದು ಸರಿಯಾಗಿತ್ತು.

“ಚೀಲ ನೋಡಿದೆ,” ಅಂದೆ.

ಅವಳು ಕೂಸಿನ ಟೋಪಿ ಸರಿಮಾಡಿದಳು. ಸರಿಯಾಗಿಯೇ ಇತ್ತು ಅದು.

“ಅವತ್ತು ಆಗ ತಾನೆ ಹಾಲು ಕುಡಿಸಿರಲಿಲ್ಲ,” ಅಂದಳು. “ಎರಡು ಗಂಟೆ ಆಗಿದ್ದು ನಿಜ.”

“ಗೊತ್ತು.”

ತಲೆ ಎತ್ತಿದಳು. “ಗೊತ್ತಾ?”

“ಕಡ್ಡಿ ಇಟ್ಟವಳು ನಾನೇ ಅಲ್ವೇನೆ. ಹಸಿದ ಬಾಯಿ ಯಾವುದು, ಕುಡಿದ ಬಾಯಿ ಯಾವುದು ಅಂತ ತಿಳಿಯಲ್ವಾ ನನಗೆ?”

“ಮತ್ತೆ ಡಾಕ್ಟ್ರ ಮುಂದೆ ಯಾಕೆ ಸುಮ್ಮನಿದ್ರಿ?”

“ನೀನು ಯಾಕೆ ಸುಳ್ಳು ಹೇಳಿದೆ?”

ಆಗ ಅತ್ತಳು. ಸದ್ದಿಲ್ಲದೆ, ಕೂಸು ಏಳಬಾರದೆಂದು ಸೆರಗು ಬಾಯಿಗೆ ತುರುಕಿಕೊಂಡು. “ಬಿಡು ಅಂದ್ರು, ಬಿಡಲಿಲ್ಲ. ಆ ಬಿಸ್ಕತ್ತು ತಿಂದೆ. ನಗ್ತಾ ನಗ್ತಾ ತಿಂದೆ ಅತ್ತೆ. ನಿಮಗೂ ಬಂದು ಹೇಳಿದೆ. ಗೊತ್ತಾದ ದಿನ ಎಲ್ರೂ ನನ್ನ ಮುಖ ನೋಡ್ತಾರೆ. ಇವಳು ದೊಡ್ಡವಳಾಗಿ ಕೇಳಿದ್ರೆ...”

“ಬಿಸ್ಕತ್ತಿಂದಲೇ ಬಂತು ಅಂತ ಯಾರು ಹೇಳಿದ್ರು? ಎಲ್ಲಿಂದ ಬಂತು ಅಂತ ಯಾವ ಡಾಕ್ಟ್ರಿಗೂ ಹೇಳೋಕಾಗಲ್ಲ. ಆದ್ರೆ ಇದೆಯೋ ಇಲ್ಲವೋ ಅನ್ನೋದು ಈಗ ಗೊತ್ತಾಗದಿದ್ರೆ ಇನ್ನು ಗೊತ್ತಾಗಲ್ಲ. ಒಂದು ಕಿವಿ ಇನ್ನೂ ಇದೆಯಲ್ಲೇ. ಅದನ್ನಾದ್ರೂ ಕಾಯಬೇಡ್ವಾ?”

ಈ ಮಾತು ಹನ್ನೆರಡನೆಯ ತಾರೀಖೇ ಹೇಳಬೇಕಿತ್ತು ನಾನು. ಇವಳಿಗೆ ಇಪ್ಪತ್ತಾರು ವರ್ಷ, ಹೆದರಿದಳು. ನನಗೇನಾಗಿತ್ತು?

ಉಳಿದ ಮೂರು ಚೀಲ ತಂದೆ. ಒರೆಸಿ, ಒಣಗಿಸಿ, ಕಾಗದ ಕಿತ್ತು ನಾನೇ ಅಂಟಿಸಿದೆ. ಆಮೇಲೆ ಕಾಯುವುದು. ಬಚ್ಚಲಲ್ಲಿ ನಲ್ಲಿ ಬಿಟ್ಟೆ, ಸಣ್ಣಗೆ. ಸೊಸೆ ‘ಶ್ಶ್ಶ್’ ಎನ್ನುತ್ತಿದ್ದಳು. ಅಷ್ಟು ಹೊತ್ತು ಶ್ಶ್ಶ್ ಎಂದದ್ದಕ್ಕೆ ನನಗೇ ಬಂದುಬಿಟ್ಟಿತು, ಓಡಿದೆ. ವಾಪಸು ಬಂದರೆ ಸೊಸೆ ಕಣ್ಣೀರಲ್ಲೇ ನಗುತ್ತಿದ್ದಳು — “ಅತ್ತೆ, ನೀವು ಬಾಗಿಲು ದಾಟಿದ್ದೇ ತಡ, ಇವಳೂ...” ಚೀಲ ತುಂಬಿತ್ತು. ಕೂಸು ದೊಡ್ಡ ಕೆಲಸ ಮುಗಿಸಿದವರ ಹಾಗೆ ಆಕಳಿಸಿತು.

ಆಟೋದಲ್ಲಿ ನಾನೇ ಒಯ್ದು ಲ್ಯಾಬಿನಲ್ಲಿ ಕೊಟ್ಟೆ. ಡಾಕ್ಟರ ಕೋಣೆಗೆ ಹೋಗಿ ಬಾಯಿ ಒಣಗಿದ್ದ ವಿಷಯವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. “ಸರಿ ಅಕ್ಕ,” ಅಂದರು ಅಷ್ಟೇ.


ಮಾರ್ಚ್ 26

ಇದೆ. ಹಾಲಿನದಲ್ಲ. ಕೂಸಿನದೇ.

ಗೊತ್ತಿದ್ದದ್ದೇ. ಆದರೂ ಮೆಟ್ಟಿಲಿಳಿಯುವಾಗ ಕಂಬಿ ಹಿಡಿದುಕೊಂಡೆ.

ನಾಳೆ ಕಣ್ಣು, ರಕ್ತ, ತಲೆಯ ಸ್ಕ್ಯಾನು. ಆಮೇಲೆ ಔಷಧಿ. ಎಡದ್ದು ವಾಪಸು ಬರುತ್ತದೆ ಎಂದು ಡಾಕ್ಟರು ಹೇಳಲಿಲ್ಲ. ಬಲದ್ದು ಉಳಿಯಲಿ ಎಂದು ಕೊಡುವುದು. ಅದಕ್ಕೂ ಖಾತ್ರಿ ಕೊಡಲಿಲ್ಲ. ಖಾತ್ರಿ ಕೊಡದ ಡಾಕ್ಟರು ಒಳ್ಳೆಯವರು ಎಂದು ನಾನೇ ಎಲ್ಲರಿಗೂ ಹೇಳುತ್ತಿದ್ದೆ. ಇವತ್ತು ಒಂಚೂರು ಸುಳ್ಳು ಹೇಳಬಾರದಿತ್ತೇ ಅನ್ನಿಸಿತು.

ಮಗನಿಗೆ ಹೇಳಬೇಕು.


ಮಾರ್ಚ್ 27, ಬೆಳಿಗ್ಗೆ

ನಿನ್ನೆ ಹೇಳಿದೆ. ಅವನು ಅಡುಗೆಮನೆಯಲ್ಲಿ ನಿಂತು ನೀರು ಕುಡಿಯುತ್ತಿದ್ದ. ಸೊಸೆ ಕೋಣೆಯ ಬಾಗಿಲಲ್ಲಿ.

ಲೋಟ ಇಟ್ಟ. ಮೊದಲು ಬಾಯಿಗೆ ಬಂದದ್ದು ಅದೇ.

“ಹೇಳಿದ್ದೆ ತಾನೆ ನಾನು.”

ಮೂರೇ ಪದ. ಸೊಸೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ಅವನನ್ನು ಕೂರಿಸಿದೆ. “ಕೇಳಿಲ್ಲಿ. ಡೇಕೇರಿಂದ ಅಂತ ನೀನು ಹೇಗೆ ಹೇಳ್ತೀಯ? ದಿನಾ ಕೂಸುಗಳ ಬಾಯಿಗೆ ಕೈ ಹಾಕೋಳು ನಾನು. ಜೊಲ್ಲೆಲ್ಲ ನನ್ನ ಸೀರೆ ಮೇಲೆ. ಅದೇ ಸೀರೇಲಿ ಬಂದು ಇವಳಿಗೆ ತುತ್ತು ಕೊಟ್ಟಿಲ್ವಾ? ನನಗನ್ನಿಸುತ್ತೆ, ನಾನೇ ತಂದಿದ್ದು. ಒಂದಿನ ಕೈ ತೊಳೆಯೋದು ಮರೆತಿದ್ದೆ, ಚೆನ್ನಾಗಿ ನೆನಪಿದೆ. ಅವತ್ತು ಇವಳು...”

ಅವನು ನನ್ನನ್ನೇ ನೋಡುತ್ತಿದ್ದ.

“ಅಮ್ಮಾ.”

“ಏನೋ?”

“ಕಥೆ ಕಟ್ಟುವಾಗ ನೀನು ಮಂಡಿ ಉಜ್ಜಿಕೊಳ್ತೀಯ. ಚಿಕ್ಕಂದಿನಿಂದ ನೋಡ್ತಾ ಇದೀನಿ.”

ಕೈ ನೋಡಿಕೊಂಡೆ. ಮಂಡಿಯ ಮೇಲೇ ಇತ್ತು.

ಅವನು ಎದ್ದು ಹೊರಗೆ ಹೋದ. ಊಟಕ್ಕೆ ಬರಲಿಲ್ಲ. ಬಂದ ಮೇಲೂ ಹಾಲ್‌ನಲ್ಲಿ ಮಲಗಿದ. ಈಗ ಎದ್ದು ಹೋಗಿದ್ದಾನೆ. ಚಹಾ ಲೋಟ ತಾನೇ ತೊಳೆದಿಟ್ಟಿದ್ದಾನೆ. ಅದು ಒಳ್ಳೆಯ ಲಕ್ಷಣವೋ ಕೆಟ್ಟದ್ದೋ ತಿಳಿಯಲಿಲ್ಲ.


ಮಾರ್ಚ್ 30

ಕಣ್ಣು ಸರಿ ಇದೆ. ತಲೆಯ ಸ್ಕ್ಯಾನೂ ಸರಿ. ಔಷಧಿ ನಿನ್ನೆಯಿಂದ. ಬೆಳಿಗ್ಗೆ ಸಂಜೆ ಸಿರಿಂಜಿನಲ್ಲಿ ಅಳೆದು ಕೆನ್ನೆಯ ಒಳಗೆ ಬಿಡುವುದು. ಕೈಗೆ ಗ್ಲೌಸ್ ಹಾಕಿಕೊಳ್ಳಬೇಕು, ಚರ್ಮಕ್ಕೆ ತಾಕಬಾರದಂತೆ. ನಮ್ಮ ಕೈಗೆ ತಾಕಬಾರದ್ದನ್ನು ಇಷ್ಟು ಸಣ್ಣ ಬಾಯಿಗೆ ಬಿಡಬೇಕು. ಆರು ತಿಂಗಳು.

ಮಗ, ಸೊಸೆ ನಡುವೆ ಬೇಕೇಬೇಕಾದ ಮಾತು ಮಾತ್ರ. ಉಪ್ಪು ಕೊಡು. ಬಾಗಿಲು ಹಾಕು. ನಾನು ಅತ್ತಿಂದಿತ್ತ ಓಡಾಡುವ ಅಂಚೆಯವಳು.


ಏಪ್ರಿಲ್ 2

ಸಂಜೆ ಸೊಸೆಯ ಕೈ ಜಾರಿ ಔಷಧಿ ಅರ್ಧ ಚೆಲ್ಲಿತು. ಮತ್ತೆ ಕೊಡಬೇಕೋ ಬೇಡವೋ ತಿಳಿಯದೆ ನಿಂತಿದ್ದಳು. ನಾನು ಡಾಕ್ಟರಿಗೆ ಫೋನು ಹಚ್ಚುತ್ತಿದ್ದೆ. ಮಗ ಎದ್ದು ಹೋಗಿ ಗ್ಲೌಸ್ ಹಾಕಿಕೊಂಡ. ಸಿರಿಂಜನ್ನು ಬೆಳಕಿಗೆ ಹಿಡಿದು, ಫ್ರಿಜ್ಜಿಗೆ ಗ್ಯಾಸ್ ತುಂಬುವಾಗ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ಗೆರೆ ನೋಡಿದ.

“ಎಷ್ಟು ಹೊತ್ತಿಗೊಂದು ಸಲ ಇದು?” ಎಂದು ಕೇಳಿದ. ನನ್ನನ್ನಲ್ಲ, ಅವಳನ್ನು.

“ಹನ್ನೆರಡು ಗಂಟೆಗೊಂದು ಸಲ.”

“ಬೆಳಗಿನದು ನಾನು ಕೊಡ್ತೀನಿ. ಸಂಜೆದು ನೀನು.”

ಡಾಕ್ಟರು ಫೋನೆತ್ತಿ “ಹಲೋ, ಹಲೋ” ಎನ್ನುತ್ತಿದ್ದರು. ನನಗೆ ಏನು ಕೇಳಬೇಕಿತ್ತೋ ಮರೆತೇಹೋಗಿತ್ತು.


ಮೇ 19

ರಕ್ತ ಪರೀಕ್ಷೆಗೆ ಹೋದಾಗಲೆಲ್ಲ ಕೂಸಿನ ಕೈ ಚುಚ್ಚಿ ಚುಚ್ಚಿ ನೀಲಿ. ಔಷಧಿಯಿಂದ ರಕ್ತದ ಬಿಳಿಕಣ ಇಳಿಯಿತೆಂದು ಕಳೆದ ವಾರ ಅದನ್ನು ನಿಲ್ಲಿಸಿದ್ದರು. ಇವತ್ತು ಮತ್ತೆ ಶುರು. ನಿಲ್ಲಿಸಿದ ದಿನಗಳಲ್ಲಿ ನನಗೆ ಒಂದೇ ಯೋಚನೆ — ಬಲಗಿವಿ. ಸದ್ದು ಕೇಳಿಸುತ್ತದೆಯೇ ಎಂದು ಹೋಗುವಾಗ ಬರುವಾಗ ಅದರ ಹತ್ತಿರ ಬೆರಳು ಉಜ್ಜುತ್ತಿದ್ದೆ. ಸೊಸೆ ನೋಡಿ, “ಅತ್ತೆ, ಅವಳನ್ನ ಮಲಗೋಕೆ ಬಿಡಿ,” ಅಂದಳು. ಆಮೇಲೆ ನಾನು ಸ್ನಾನಕ್ಕೆ ಹೋಗಿ ಬರುವಾಗ ನೋಡಿದರೆ ತಾನೇ ಬೆರಳು ಉಜ್ಜುತ್ತಿದ್ದಳು.


ಜೂನ್ 11

ದೊಡ್ಡ ಪರೀಕ್ಷೆ. ತಲೆಗೆ ತಂತಿ ಅಂಟಿಸಿ, ನಿದ್ದೆಯಲ್ಲಿ ಮಾಡುವುದು. ನನ್ನನ್ನು ಒಳಗೆ ಬಿಡಲಿಲ್ಲ. ನಾನೇ ಬೇಡ ಅಂದೆ ಎನ್ನುವುದು ಸರಿ. ಬೆಂಚಿನ ಮೇಲೆ ಮೂವರೂ ಸಾಲಾಗಿ ಕೂತೆವು. ವಾರ್ಡಿನ ತಾಯಂದಿರು ಹೀಗೇ ನನ್ನ ಬಾಗಿಲ ಹೊರಗೆ ಕೂರುತ್ತಾರೆ. ಅವರ ಕಾಲುಗಳು ಅಲುಗುವುದನ್ನು ಬಾಗಿಲಡಿಯಿಂದ ನೋಡಿದ್ದೇನೆ. ಇವತ್ತು ನನ್ನ ಕಾಲು.

ಬಲ: ಚೆನ್ನಾಗಿದೆ. ಎಡ: ಇಲ್ಲ. ಸ್ವಲ್ಪವೂ ಇಲ್ಲ.

“ಬಲದ್ದನ್ನ ಮೂರು ತಿಂಗಳಿಗೊಮ್ಮೆ ನೋಡ್ತಾ ಇರೋಣ. ಮುಂದೆ ಇಳಿಯಲೂಬಹುದು. ಇಳಿದ್ರೆ ತಕ್ಷಣ ಗೊತ್ತಾಗುತ್ತೆ, ಕಿವಿಗೆ ಹಾಕೋ ಮಷಿನ್ ಕೊಡಬಹುದು. ಗೊತ್ತಿಲ್ಲದೇ ಇದ್ದಿದ್ರೆ ಮಾತು ಬರದೇ ಇದ್ದಾಗಷ್ಟೇ ಹುಡುಕ್ತಿದ್ವಿ,” ಅಂದರು ಡಾಕ್ಟರು.

ಸೊಸೆ ನನ್ನ ಕೈ ಹಿಡಿದುಕೊಂಡಳು. ಹೆರಿಗೆಯ ದಿನದಷ್ಟು ಬಿಗಿಯಾಗಿ ಅಲ್ಲ.

ದಾರಿಯಲ್ಲಿ ಮಗ ಕೇಳಿದ: “ನೀನು ಕೆಲಸಕ್ಕೆ ಯಾವತ್ತಿಂದ ಹೋಗ್ತೀಯ?”

ಅವಳು ಗಾಬರಿಯಾಗಿ ಅವನನ್ನು ನೋಡಿದಳು.

“ಅಲ್ಲ, ಆ ಮೂಗಿನ ಸರದಾರ ಬೇರೆ ಯಾರಿಗೋ ಬಿಸ್ಕತ್ತು ತಿನ್ನಿಸ್ತಾ ಇರ್ತಾನೆ. ಅಲ್ಲಿ ಕೆಲಸ ಮಾಡೋರಲ್ಲಿ ಬಸುರಿ ಹುಡುಗಿಯರು ಇನ್ನೂ ಇದಾರಂತಲ್ಲ. ಅವರಿಗೆ ಹೇಳೋರು ಯಾರು?”

ಅವಳು ಕೂಸನ್ನು ಇನ್ನೊಂದು ತೋಳಿಗೆ ಬದಲಿಸಿಕೊಂಡು, “ಆಗಸ್ಟಿಂದ,” ಅಂದಳು.


ಜುಲೈ 20

ಕೂಸು ದನಿಗೆ ತಿರುಗುತ್ತಾಳೆ! ಆದರೆ ಯಾವಾಗಲೂ ಬಲಕ್ಕೇ. ಎಡದಿಂದ ಕರೆದರೂ ಬಲಕ್ಕೆ ತಿರುಗಿ ಹುಡುಕುತ್ತಾಳೆ. ಒಂದೇ ಕಿವಿಯವರಿಗೆ ದನಿ ಎತ್ತಲಿಂದ ಬಂತು ಎಂದು ತಿಳಿಯುವುದಿಲ್ಲ. ಓದಿದ್ದೆ. ನೋಡಿರಲಿಲ್ಲ.

ಮಗ ಸಂಜೆ ಬಂದು ಬಾಗಿಲಲ್ಲೇ ನಿಂತು, “ಎಲ್ಲಿ ನನ್ನ ವಿಗ್ಗಮ್ಮ?” ಅಂದ. ಬಾಗಿಲು ತೊಟ್ಟಿಲಿನ ಎಡಕ್ಕೆ. ಕೂಸು ಅರಳಿದ ಮುಖದಲ್ಲಿ ಬಲಕ್ಕೆ ಹೊರಳಿ ಗೋಡೆ ನೋಡಿ ನಕ್ಕಳು. ಅಪ್ಪ ಅಲ್ಲಿಲ್ಲ. ನಗು ಹಾಗೇ ನಿಂತಿತು, ಸ್ವಲ್ಪ ಹೊತ್ತು. ಆಮೇಲೆ ಇಳಿಯಿತು.

ಅವನು ಚಪ್ಪಲಿ ಬಿಡುವುದನ್ನೂ ಮರೆತು ನಿಂತಿದ್ದ.


ಜುಲೈ 21, ಸಂಜೆ

ವಾರ್ಡಿನಲ್ಲಿ ಎಂಟು ಕಿವಿ, ಎಲ್ಲವೂ ಪಾಸ್. ಮನೆಗೆ ಬಂದರೆ ತೊಟ್ಟಿಲಿರುವ ನನ್ನ ಕೋಣೆ ಬೇರೆಯದೇ ಆಗಿದೆ. ಬೆಳಿಗ್ಗೆ ನಾನು ಹೊರಟ ಮೇಲೆ, ತಾನು ಹೋಗುವ ಮೊದಲು, ಮಗ ಬೀರು ಸರಿಸಿ, ಮಂಚ ಎಳೆದು, ತೊಟ್ಟಿಲನ್ನು ತಲೆಯಿಂದ ಕಾಲಿಗೆ ತಿರುಗಿಸಿಟ್ಟು ಹೋಗಿದ್ದಾನೆ. ಹೆಂಡತಿಗೂ ಹೇಳಿಲ್ಲ. “ಏನು ಸದ್ದು ಅಂತ ಎದ್ದು ಬಂದ್ರೆ ಬೀರು ನಡೀತಾ ಇತ್ತು ಅತ್ತೆ!” ಅಂದಳು. ನನ್ನ ಮಂಚ ಈಗ ಕಿಟಕಿಗೆ ಅಡ್ಡ. ಓಡಾಡುವಾಗ ಮೊಣಕಾಲು ತಾಗುತ್ತದೆ. ತಾಗಲಿ.

ಬಾಗಿಲು ಈಗ ಕೂಸಿನ ಬಲಕ್ಕೆ.

ತೊಟ್ಟಿಲ ಪಕ್ಕ ಕೂತು ಬರೆಯುತ್ತಿದ್ದೇನೆ. ಎದ್ದಿದ್ದಾಳೆ. ತನ್ನ ಮುಷ್ಟಿಯನ್ನೇ ತಿನ್ನುತ್ತಿದ್ದಾಳೆ. ದೀಪದ ಕಥೆ ಅವತ್ತು ಅರ್ಧಕ್ಕೆ ನಿಂತಿತ್ತು, ಇವಳಿಗೆ ಹೇಳಿ ಮುಗಿಸೋಣ ಎಂದುಕೊಂಡೆ. ಆರಿಸಿದ್ದು ಯಾರು ಎಂದು ಮನೆಯವರೆಲ್ಲ ಕತ್ತಲಲ್ಲೇ ಹುಡುಕುತ್ತ...

ಮೆಟ್ಟಿಲಲ್ಲಿ ಸಪ್ಪಳ. ಮಗನ ಚಪ್ಪಲಿ. ಕೂಸು ಮುಷ್ಟಿ ಬಾಯಿಂದ ತೆಗೆದು ಬಾಗಿಲ ಕಡೆ ತಿರುಗಿದಳು.